ತಮ್ಮನ ಮಳಿಗೆ ತಿಂದ ಬೀಗರೂಟ

ದುಡ್ಡಿನ ವಿಷಯದಲ್ಲಿ ಬುದ್ಧಿ ಹೇಳುವುದಕ್ಕೆ ದುಡ್ಡೂ ಬೇಕಿಲ್ಲ, ಬುದ್ಧಿಯೂ ಬೇಕಿಲ್ಲ. ಕೇಳುವುದಕ್ಕೆ ಒಬ್ಬ ತಮ್ಮ ಇದ್ದರೆ ಸಾಕು. ನನಗಿದ್ದ. ಹಾಗಾಗಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಬಹಳ ವರ್ಷ ಆರ್ಥಿಕ ತಜ್ಞೆಯಾಗಿ ಸೇವೆ ಸಲ್ಲಿಸಿದೆ. ಸಂಬಳವಿರಲಿಲ್ಲ. ಕೊನೆಗೆ ಅಷ್ಟೂ ವರ್ಷದ ಸಂಬಳವನ್ನು ಒಂದೇ ಗಂಟಾಗಿ ಎತ್ತಿಕೊಂಡೆ. ಅದು ಹೇಗೆಂದು ಹೇಳುತ್ತೇನೆ. ನಿಮಗೂ ಮನೆಯಲ್ಲಿ ಯಾರಾದರೂ ದುಡ್ಡು ನಂಬಿ ಕೊಟ್ಟಿದ್ದರೆ ಉಪಯೋಗಕ್ಕೆ ಬಂದೀತು.

ನರಸೀಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ರವಿಕೆ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕಿಕೊಡುತ್ತೇನೆ. ನಮ್ಮ ಬೀದಿಯ ಹೆಂಗಸರ ಸಂಘಕ್ಕೆ ನಾನೇ ಲೀಡರ್. ಒಂದು ಸಲ ಬ್ಯಾಂಕಿನವರು ಮೀಟಿಂಗ್ ಮಾಡಿ, ಕಂತು ತಪ್ಪದ ಸಂಘ ಎಂದು ಹೊಗಳಿ ನನಗೆ ಶಾಲು ಹೊದಿಸಿದರು. ಆ ಶಾಲು ಹೊದ್ದ ದಿನದಿಂದ ನನಗೆ ಸುಮ್ಮನಿರುವುದು ಮರೆತೇಹೋಯಿತು. ರವಿಕೆಗೆ ಅಳತೆ ಕೊಡಲು ಬಂದವರನ್ನೂ ಬಿಡುತ್ತಿರಲಿಲ್ಲ. "ಕೈ ಎತ್ತವ್ವ. ಹೂಂ, ಮೂವತ್ತಾರು. ಅಲ್ಲ ಕಣೇ, ಹಾಲಿನ ದುಡ್ಡ ಯಾಕೆ ಮನೆ ಖರ್ಚಿಗೆ ಆಕ್ತೀಯ? ಹಸ ಮೇಯಿಸೋ ದುಡ್ಡು ಬೇರೆ ಇಡು. ಇಲ್ದಿದ್ರೆ ಹಿಂಡಿ ತರೋ ದಿನ ಹಸುಗೂ ಉಪವಾಸ, ನಿಂಗೂ ಉಪವಾಸ." ಕೈ ಮೇಲೆತ್ತಿಕೊಂಡು ನಿಂತವರು ಎಲ್ಲಿಗೆ ಓಡಿಹೋಗುತ್ತಾರೆ? ಪೂರ್ತಿ ಕೇಳಿಸಿಕೊಂಡೇ ಹೋಗುತ್ತಿದ್ದರು.

ಹೇಳಿದ್ದು ಸುಳ್ಳೇನಲ್ಲ. ಇವತ್ತಿಗೂ ಅದನ್ನೇ ಹೇಳುತ್ತೇನೆ. ಮನೆಯ ದುಡ್ಡು ಮತ್ತು ವ್ಯಾಪಾರದ ದುಡ್ಡು ಒಂದೇ ಡಬ್ಬಿಯಲ್ಲಿದ್ದರೆ ಎರಡೂ ಹಾಳು. ಗಲ್ಲಾದಲ್ಲಿ ಕಂಡದ್ದೆಲ್ಲ ಲಾಭವಲ್ಲ. ಅದರೊಳಗೆ ನಾಳೆ ತರಬೇಕಾದ ಸಾಮಾನಿನ ದುಡ್ಡೂ ಮಲಗಿರುತ್ತದೆ. ಬೇರೆಯವರ ದುಡ್ಡು ನಮ್ಮ ಕೈಯಲ್ಲಿದ್ದರೆ ಅದನ್ನು ಕೆಂಡ ಎಂದುಕೊಂಡು ಹಿಡಿದುಕೊಳ್ಳಬೇಕು. ಈ ಕೊನೆಯ ಮಾತನ್ನು ನಾನು ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ, ಸಂಘದ ಹೆಂಗಸರು ಸೆರಗಿನಲ್ಲಿ ಗಂಟು ಹಾಕಿದ್ದ ನೋಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನನ್ನ ತಮ್ಮ ನಂಜನಗೂಡಿನಲ್ಲಿ ಮಿಕ್ಸಿ ರಿಪೇರಿ ಮಾಡುತ್ತಾನೆ. ಅಂಗಡಿಯಿಲ್ಲ. ಬಜಾರಿನಲ್ಲಿ ಒಂದು ಪಾತ್ರೆ ಅಂಗಡಿಯ ಮುಂದೆ, ಅವರ ತಗಡಿನ ಸೂರಿನ ಕೆಳಗೆ, ಒಂದು ಟೇಬಲ್ಲು ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಮಳೆ ಬಂದರೆ ತನ್ನ ತಲೆಗಿಂತ ಮೊದಲು ಊರವರ ಮಿಕ್ಸಿಗಳಿಗೆ ಟಾರ್ಪಾಲು ಹೊದಿಸುತ್ತಿದ್ದ. ಕೆಲಸದಲ್ಲಿ ಕೈ ಚೆನ್ನಾಗಿದೆ. ಬಾಯಿ ಮಾತ್ರ ಇಲ್ಲ. ಬಾಯಿ ಇಲ್ಲವೆಂದರೆ ಮೂಗನೆಂದಲ್ಲ. ಮಾಡಿದ ಕೆಲಸಕ್ಕೆ ದುಡ್ಡು ಕೇಳುವ ಬಾಯಿ ಇಲ್ಲ.

ಒಂದು ಸಲ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಾಗ ಒಬ್ಬ ಹೆಂಗಸು ಮಿಕ್ಸಿ ತೆಗೆದುಕೊಂಡು ಹೋಗಲು ಬಂದಳು. ಅವನು ಬುಷ್ ಬದಲಾಯಿಸಿ, ಕಪ್ಲರ್ ಹಾಕಿ, ಜಾರನ್ನು ಉಜ್ಜಿ ತೊಳೆದೂ ಇಟ್ಟಿದ್ದ.

"ಎಷ್ಟಾಯ್ತಣ್ಣ?"

"ಏನೋ ನಿಂಗೆ ತಿಳಿದಷ್ಟು ಕೊಡವ್ವ."

"ಇವಾಗ ಚಿಲ್ಲರೆ ಇಲ್ಲ ಕಣಣ್ಣ. ಸೋಮ್ವಾರ ದೇವಸ್ಥಾನಕ್ಕೆ ಬತ್ತೀನಲ್ಲ, ಅವಾಗ ಕೊಟ್ ಬುಡ್ತೀನಿ."

"ಆಯ್ತವ್ವ, ಅದಕ್ಕೇನಂತೆ."

ಅವಳು ಮಿಕ್ಸಿಯನ್ನು ಕೂಸಿನಂತೆ ಕಂಕುಳಲ್ಲಿಟ್ಟುಕೊಂಡು ಹೋದಳು. ನಾನು ಶುರುಮಾಡಿದೆ.

"ಯಾವ ಸೋಮ್ವಾರ ಅಂತ ಕೇಳಿದ್ಯೇನ್ಲಾ?"

"ಬತ್ತದೆ ಬುಡಕ್ಕ."

"ಸೋಮ್ವಾರ ಬತ್ತದೆ ಕಣೋ, ದುಡ್ಡು ಬರಲ್ಲ. ಕಪ್ಲರ್ ಕೊಟ್ಟೋನು ನಿಂಗೆ ಸೋಮ್ವಾರ ಯೋಳಿದ್ನಾ? ಚಿಲ್ಲರೆ ಇಲ್ದಿದ್ರೆ ಫೋನಿಲ್ವಾ ಅವಳ ಕೈಲಿ? ಸ್ಕ್ಯಾನ್ ಮಾಡು ಅನ್ನಕ್ಕೇನು ರೋಗ?"

"ಎಂಗ್ ಕೇಳದಕ್ಕ, ಗುರುತಿನೋರು."

"ಕೊಡದೆ ಓಗಕ್ಕೆ ಅವಳಿಗೆ ನಾಚಿಕೆ ಇಲ್ಲ, ಕೇಳಕ್ಕೆ ನಿಂಗ್ ನಾಚಿಕೆ. ವ್ಯಾಪಾರದಲ್ಲಿ ಗುರುತು ಪರಿಚಯ ಎಲ್ಲ ದುಡ್ಡು ಕೈಗೆ ಬಂದಮ್ಯಾಕೆ. ನಾನೇ ಮಿಕ್ಸಿ ತಂದ್ರೂ ದುಡ್ಡು ಇಸ್ಕೊ, ಗೊತ್ತಾಯ್ತಾ?"

ಅವನು ನಕ್ಕ. "ನಿನ್ ತಾವ ಇಸ್ಕೊಂಡಂಗೇ ಆಯ್ತು" ಎಂದು ಮುಂದಿನ ಮಿಕ್ಸಿಯ ಸ್ಕ್ರೂ ಬಿಚ್ಚಲು ತೊಡಗಿದ.

ಅವನ ದುಡ್ಡು ಅವನ ಫೋನಿನಲ್ಲಿದ್ದರೆ ಅದು ಬೀದಿ ನಲ್ಲಿಯ ನೀರು. ಬಿಂದಿಗೆ ತಂದವರಿಗೆಲ್ಲ ಸಿಗುತ್ತಿತ್ತು. ಕೈಗಡ ಎಂದು ಒಬ್ಬ, ಆಸ್ಪತ್ರೆ ಎಂದು ಇನ್ನೊಬ್ಬ. ಹಾಗಾಗಿ ನಾನೇ ಒಂದು ವ್ಯವಸ್ಥೆ ಮಾಡಿದೆ. ಪ್ರತಿ ಭಾನುವಾರ ಅವನು ನರಸೀಪುರದ ಬಸ್ಸು ಹತ್ತಿ ನಮ್ಮ ಮನೆಗೆ ಬರುವುದು, ಉಣ್ಣುವುದು, ವಾರದಲ್ಲಿ ಉಳಿದದ್ದನ್ನು ನನ್ನ ಕೈಗೆ ಕೊಡುವುದು. ನಾನು ಅದನ್ನು ನನ್ನ ಖಾತೆಗೆ ಹಾಕಿ ಕಾಯುವುದು. "ಅಕ್ಕನ ಕೈಗ್ ಓದ್ರೆ ಮುಗೀತು, ನಾನ್ ಕೇಳಿದ್ರೂ ಕೊಡಲ್ಲ" ಎಂದು ಅವನು ಬಜಾರಿನಲ್ಲೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದ. ಆ ಮಾತನ್ನು ನಾನು ಅಕ್ಷರಶಃ ಉಳಿಸಿಕೊಂಡೆ.

ಹೀಗೆ ಕೆಲವು ವರ್ಷ ನಡೆಯಿತು. ಪಾತ್ರೆ ಅಂಗಡಿಯ ಪಕ್ಕದಲ್ಲೇ ಒಂದು ಜೆರಾಕ್ಸ್ ಅಂಗಡಿಯಿತ್ತು. ಅದರವನು ಬಿಟ್ಟುಹೋಗುವುದಾಗಿ ಹೇಳಿದ. ಮಳಿಗೆಯ ಯಜಮಾನರು ನನ್ನ ತಮ್ಮನನ್ನು ಕರೆದು, ಯುಗಾದಿಯೊಳಗೆ ಒಂದೂವರೆ ಲಕ್ಷ ಅಡ್ವಾನ್ಸ್ ತಂದರೆ ನಿನಗೇ, ಎಂದರು. ಒಂದೂವರೆ ಲಕ್ಷ ನನ್ನ ಖಾತೆಯಲ್ಲಿ ಆಗಲೇ ಕೂತಿತ್ತು. ಆ ಭಾನುವಾರ ಅವನು ಊಟಕ್ಕೆ ಕೂತವನು ಅನ್ನದ ಮೇಲೇ ಮಳಿಗೆ ಕಟ್ಟಿದ. ಇಲ್ಲಿ ರ‍್ಯಾಕು, ಇಲ್ಲಿ ಕೌಂಟರು, ಇಲ್ಲಿ ವೈಂಡಿಂಗ್ ಮಿಷನ್ನು. ನಡುವೆ ಸಾರಿಗೆ ಜಾಗ ಬಿಟ್ಟಿದ್ದ.

"ಮ್ಯಾಲೆ ಫ್ಯಾನ್ ಆಕ್ತೀನಿ ಕಣಕ್ಕ. ಇಷ್ಟ್ ದಿನ ಊರೋರ ಫ್ಯಾನ್ ರಿಪೇರಿ ಮಾಡ್ದೆ, ಗಾಳಿ ಕುಡಿಯಕ್ಕೆ ನಂಗೊಂದು ಇರಲಿಲ್ಲ."

"ಸಾಮಾನು ಒಂದೇ ಸಲ ತುಂಬ್ಸಬೇಡ" ಎಂದೆ ನಾನು. ಬುದ್ಧಿ ಹೇಳದೆ ಸಾರು ಬಡಿಸುವ ಅಭ್ಯಾಸ ನನಗಿಲ್ಲ. "ಮೊದಲು ಆರು ತಿಂಗಳ ಬಾಡಿಗೆ ಪಕ್ಕಕ್ಕಿಡು. ಬೋರ್ಡಿಗೆ ಲೈಟು ಆಮೇಲೆ."

"ಅಂಗಡಿ ಪೂಜೆಗೆ ನೀನೇ ಕಣಕ್ಕ ದೀಪ ಅಚ್ಚೋದು."

ಆಗಲಿ ಎಂದೆ. ಅವನು ಕೈ ತೊಳೆದು ಬಸ್ಸಿಗೆ ಹೋದ.

ಅದೇ ಮಾಘದಲ್ಲಿ ನನ್ನ ಮಗನ ಮದುವೆ. ಹುಡುಗಿ ಕಳಲೆಯವಳು. ಮದುವೆಯನ್ನು ನಾನೂ ನಮ್ಮನೆ ಯಜಮಾನರೂ ಇದ್ದದ್ದರಲ್ಲೇ ಸರಿಯಾಗಿ ಮಾಡಿದೆವು. ಅವರು ಗೂಡ್ಸ್ ಆಟೋ ಓಡಿಸುತ್ತಾರೆ, ನನ್ನದು ಹೊಲಿಗೆ, ಅದಕ್ಕೆ ತಕ್ಕ ಹಾಗೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹದ ಅವಶ್ಯಕತೆ ಇರಲಿಲ್ಲ. ಆದರೆ ಮದುವೆ ಆದ ಮೇಲೆ ಬೀಗರನ್ನೂ ಊರವರನ್ನೂ ಕರೆದು ಬಾಡೂಟ ಹಾಕುವ ಬೀಗರೂಟ ಆಗಬೇಕಲ್ಲ. ಹಿಂದಿನ ವರ್ಷ ನನ್ನ ವಾರಗಿತ್ತಿ, ಯಜಮಾನರ ತಮ್ಮನ ಹೆಂಡತಿ, ತನ್ನ ಮಗನ ಬೀಗರೂಟ ಮಾಡಿದ್ದಳು. ಅವತ್ತು ಉಂಡವರು ಇನ್ನೂ ಕೈ ಮೂಸಿಕೊಂಡು ಓಡಾಡುತ್ತಿದ್ದರು. ಲೀಡರ್ ಮನೆಯಲ್ಲಿ ಅದಕ್ಕಿಂತ ಒಂದು ಐಟಂ ಕಡಿಮೆಯಾದರೆ ಶಾಲು ಹೊದಿಸಿದ ಬ್ಯಾಂಕಿನವರ ಮಾನ ಏನಾಗಬೇಕು?

ಇಲ್ಲಿ ಮುಯ್ಯಿಯ ವಿಚಾರ ಹೇಳಬೇಕು. ನಮ್ಮ ಕಡೆ ಮದುವೆಗೋ ಬೀಗರೂಟಕ್ಕೋ ಹೋದವರು ಉಂಡು, ಇಷ್ಟು ಎಂದು ದುಡ್ಡು ಹಾಕಿ ಬರುತ್ತಾರೆ. ಹಾಕಿಸಿಕೊಂಡವರು ಮುಂದೆ ಅವರ ಮನೆಯ ಕಾರ್ಯದಲ್ಲಿ ಅದನ್ನು, ಮೇಲೆ ಒಂದಿಷ್ಟು ಸೇರಿಸಿ, ತೀರಿಸಬೇಕು. ಇದೇ ಮುಯ್ಯಿ. ಕಷ್ಟಸುಖಕ್ಕೆ ಒಬ್ಬರಿಗೊಬ್ಬರು ಆಗಲಿ ಎಂದು ಹಿಂದಿನವರು ಮಾಡಿದ ಏರ್ಪಾಡು. ಇದನ್ನು ಬಂಡವಾಳ ಹೂಡಿಕೆ ಎಂದು ಕಂಡುಹಿಡಿದವಳು ನಾನು. ಇಷ್ಟು ವರ್ಷ ನಾವು ಊರಿಗೆಲ್ಲ ಹಾಕಿದ್ದೇವೆ, ಈಗ ಎಲ್ಲ ಒಟ್ಟಿಗೆ ವಾಪಸ್ ಬರುತ್ತದೆ. ಊಟದ ಖರ್ಚು ಕಳೆದು ಮೇಲೂ ಉಳಿಯುತ್ತದೆ. ಬೀಗರೂಟ ಮಾಡದಿದ್ದರೆ ನಷ್ಟವಾದೀತು ಎನ್ನುವ ಮಟ್ಟಕ್ಕೆ ನನ್ನ ಲೆಕ್ಕ ಬಂದು ನಿಂತಿತು.

ಯಜಮಾನರು ಒಂದೇ ಮಾತು ಕೇಳಿದರು. "ಉಂಡೋರೆಲ್ಲ ಮುಯ್ಯಿ ಆಕ್ತಾರೇನೇ?"

"ಆಕ್ದೆ? ನಾವು ಆಕಿಲ್ವಾ?"

"ನಾವು ಆಕಿರೋದು ನೂರೊಂದು. ಕುರಿ ಕೊಯ್ಯೋನು ನೂರೊಂದು ಇಸ್ಕೊತಾನಾ ಕೇಳು."

"ನೀವು ಗಾಡಿ ಓಡ್ಸಿ. ದುಡ್ಡಿನ ವಿಚಾರ ನಂಗೆ ಬುಡಿ."

ಅವರು ಬಿಟ್ಟರು. ಅವರದೊಂದು ಒಳ್ಳೆಯ ಗುಣ ಅದು. ಬ್ರೇಕು ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಇಳಿದುಬಿಡುತ್ತಾರೆ.

ಕುರಿಯವನಿಗೆ ಮುಂಗಡ ಕೊಡಬೇಕಾಗಿತ್ತು. ಶಾಮಿಯಾನ, ಅಡುಗೆಯವರು, ಪಾತ್ರೆ ಬಾಡಿಗೆ. ನನ್ನ ದುಡ್ಡು ಮದುವೆಗೇ ಮುಗಿದಿತ್ತು. ಖಾತೆಯಲ್ಲಿದ್ದದ್ದು ತಮ್ಮನದು. ನಾನು ಅದನ್ನು ತೆಗೆಯಲಿಲ್ಲ, ದಯವಿಟ್ಟು ಹಾಗೆ ಅನ್ನಬೇಡಿ, ರೊಟೇಷನ್ ಮಾಡಿದೆ. ವ್ಯಾಪಾರಸ್ಥರು ಹೇಳುವುದಿಲ್ಲವೇ, ದುಡ್ಡು ಕೂತಿರಬಾರದು, ತಿರುಗುತ್ತಿರಬೇಕು ಎಂದು? ಭಾನುವಾರ ಬೀಗರೂಟ, ಸೋಮವಾರ ಮುಯ್ಯಿ ಎಣಿಸಿ ಖಾತೆಗೆ ಹಾಕುವುದು. ಯುಗಾದಿಗೆ ಇನ್ನೂ ದಿನವಿತ್ತು. ಫೋನಿನ ಜಾಹೀರಾತಿನಲ್ಲಿ ಕಾಲು ಗಂಟೆಗೊಬ್ಬ ಕೋಟು ಹಾಕಿದವನು ಬಂದು, ನಿಮ್ಮ ದುಡ್ಡನ್ನು ನಿದ್ದೆ ಮಾಡಲು ಬಿಡಬೇಡಿ, ಎನ್ನುತ್ತಿದ್ದ. ತಮ್ಮನ ದುಡ್ಡು ಪಾಪ ಬಹಳ ವರ್ಷದಿಂದ ನಿದ್ದೆ ಮಾಡುತ್ತಿತ್ತು. ಎಬ್ಬಿಸಿದೆ.

ಅವನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಕೊಡುತ್ತಿದ್ದ. ಅದಕ್ಕೇ ಕೇಳಲಿಲ್ಲ. ಕೇಳಿ ಇಸಿದುಕೊಂಡರೆ ಅದಕ್ಕೆ ಸಾಲ ಎಂದು ಹೆಸರು ಬರುತ್ತದೆ. ಸಂಘದ ಲೀಡರ್, ಮಿಕ್ಸಿ ರಿಪೇರಿಯವನ ಹತ್ತಿರ ಸಾಲ ಮಾಡುವುದುಂಟೇ?

ಬೀಗರೂಟ ಜೋರಾಗಿಯೇ ನಡೆಯಿತು. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು, ಕಬಾಬು, ಬಿರಿಯಾನಿ, ಮೊಟ್ಟೆ, ಕೊನೆಗೆ ಐಸ್‌ಕ್ರೀಮು, ಬೀಡಾ. ಮುಯ್ಯಿ ಟೇಬಲ್ಲಿನ ಮೇಲೆ ಸ್ಕ್ಯಾನ್ ಮಾಡುವ ಚೀಟಿಯನ್ನೂ ಅಂಟಿಸಿದ್ದೆ, ಚಿಲ್ಲರೆ ಇಲ್ಲ ಎಂದು ಯಾರೂ ತಪ್ಪಿಸಿಕೊಳ್ಳಬಾರದೆಂದು. ಪಕ್ಕದಲ್ಲಿ ಮೈಕ್ ಹಿಡಿದ ಒಬ್ಬ, ದೊಡ್ಡ ಮುಯ್ಯಿ ಬಂದಾಗಲೆಲ್ಲ ಕೂಗುತ್ತಿದ್ದ. ಬಹಳ ಹೊತ್ತು ಅವನಿಗೆ ಕೂಗುವ ಸಂದರ್ಭ ಬರಲಿಲ್ಲ. ಅವನೂ ಎದ್ದುಹೋಗಿ ಒಂದು ಸಲ ಕಬಾಬು ತಿಂದು ಬಂದ.

ತಮ್ಮ ಬೆಳಗಾಗುವ ಮೊದಲೇ ಹೆಂಡತಿಯ ಜೊತೆ ಬಂದಿದ್ದ. ಅಡುಗೆಯವರ ದೊಡ್ಡ ಗ್ರೈಂಡರು ಮಸಾಲೆ ರುಬ್ಬುತ್ತಾ ಅರ್ಧದಲ್ಲೇ ನಿಂತಿತು. ಹುಡುಗನ ಸೋದರಮಾವ, ಹೊಸ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಬೀಗರನ್ನು ಬನ್ನಿ ಎನ್ನಬೇಕಾದವನು, ಮಂಡಿಯೂರಿ ಗ್ರೈಂಡರಿನ ಹೊಟ್ಟೆಯೊಳಗೆ ಕೈ ಹಾಕಿ ಕೂತ. ಅದು ತಿರುಗಿತು. ಅವನ ಅಂಗಿಯ ತುಂಬ ಮಸಾಲೆ. ತೊಳೆದುಕೊಂಡು ಬಂದು ಒಂದು ಪಂಕ್ತಿಯ ಕೊನೆಯಲ್ಲಿ ಕೂತು ಉಂಡ. ಅಡುಗೆಯವನು ದುಡ್ಡು ಕೊಡಲು ಹೋದರೆ, "ನಮ್ಮನೆ ಕೆಲಸಕ್ಕೆ ದುಡ್ಡಾ? ಬುಡಿ ಸಾ" ಎಂದ.

ಅವನು ಮುಯ್ಯಿ ಟೇಬಲ್ಲಿಗೆ ಹೋದಾಗ ಮೈಕಿನವನಿಗೆ ಜೀವ ಬಂತು. "ಗಂಡಿನ ಸೋದರಮಾವ, ನಂಜನಗೂಡು, ಇಪ್ಪತ್ತೈದು ಸಾವಿರ ರೂಪಾಯಿ ಮುಯ್ಯಿ!"

ಜನ ತಿರುಗಿ ನೋಡಿದರು. ನಾನೂ ತಿರುಗಿ ನೋಡಿದೆ, ಆದರೆ ತಮ್ಮನನ್ನಲ್ಲ, ವಾರಗಿತ್ತಿಯ ಮುಖವನ್ನು. ಅವಳ ಬಾಯಿಯ ಬೀಡಾ ನಿಂತಿತ್ತು. ಆ ಸಂತೋಷವನ್ನು ನಾನು ಸುಳ್ಳು ಎನ್ನಲಾರೆ. ಬಹಳ ದುಬಾರಿಯ ಸಂತೋಷ, ಒಂದು ಬೀಡಾ ಅಗಿಯುವಷ್ಟು ಹೊತ್ತು ಬಾಳಿಕೆ ಬಂತು.

ಹಿಂದುಗಡೆ ಪಾತ್ರೆಗಳ ಹತ್ತಿರ ತಮ್ಮನ ಹೆಂಡತಿ ಸಿಕ್ಕಿದಳು. "ಅಷ್ಟೊಂದು ಎಲ್ಲಿಂದ ತಂದ್ರಿ?" ಎಂದೆ.

"ನಮ್ಮೂರ ಸಂಘದಲ್ಲಿ ವಾರದ ಸಾಲ ಎತ್ತಿದೆ ಅತ್ಗೆ."

"ವಾರದ ಸಾಲನಾ? ಬ್ಯಾಡ ಅಂತ ಬಡ್ಕೊಂಡಿಲ್ವಾ ನಾನು?"

"ನಾನೂ ಅಂದೆ, ಅಕ್ಕನ ತಾವ ಅದೆಯಲ್ಲ, ಅದ್ರಲ್ಲೇ ತಕೊಳಿ ಅಂತ. ಅದು ಮಳಿಗೆ ದುಡ್ಡು, ಮುಟ್ಟಂಗಿಲ್ಲ, ಬ್ಯಾರೆ ಡಬ್ಬಿ ಅಂತ ಅಕ್ಕ ಯೋಳ್ಕೊಟ್ಟವಳೆ ಅಂದ್ರು."

ನಾನು ಹೇಳಿಕೊಟ್ಟ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ ಒಬ್ಬನೇ ವಿದ್ಯಾರ್ಥಿ ಅವನು. ಅವನ ಡಬ್ಬಿ ಆ ಹೊತ್ತಿಗೆ ಪಂಕ್ತಿಯಲ್ಲಿ ಎಲೆ ತುಂಬ ಹರಡಿಕೊಂಡಿತ್ತು. ಅದರ ಮೇಲೆ ಊರವರು ನಿಂಬೆಹಣ್ಣು ಹಿಂಡಿಕೊಳ್ಳುತ್ತಿದ್ದರು.

ಹೊರಡುವಾಗ ವಾರಗಿತ್ತಿ ಹೇಳಿದಳು, "ಬೋಟಿ ಚೆನ್ನಾಗಿತ್ತು ಕಣಕ್ಕ. ಪೀಸು ವಸಿ ಚಿಕ್ಕವು."

ಮಾರನೆಯ ಬೆಳಿಗ್ಗೆ ಮುಯ್ಯಿ ಎಣಿಸಿದೆವು. ಎಣಿಸಿದ್ದಕ್ಕಿಂತ ಉಡುಗೊರೆಗೆ ಬಂದ ಗೋಡೆ ಗಡಿಯಾರ ಜೋಡಿಸಿಟ್ಟದ್ದು ಹೆಚ್ಚು. ನಮ್ಮ ಮನೆಯಲ್ಲಿ ಈಗ ಸಮಯಕ್ಕೆ ಕೊರತೆಯಿಲ್ಲ. ಆ ಭಾನುವಾರ ಸುತ್ತಮುತ್ತ ಇನ್ನೂ ಎರಡು ಮೂರು ಕಡೆ ಬೀಗರೂಟವಿತ್ತು; ಒಂದೇ ಮನೆಯವರು ಹಂಚಿಕೊಂಡು ಅಲ್ಲಿಗೊಬ್ಬರು ಇಲ್ಲಿಗೊಬ್ಬರು ಹೋಗಿದ್ದರು, ಮುಯ್ಯಿಯನ್ನೂ ಹಾಗೇ ಹಂಚಿದ್ದರು. ಉಣ್ಣುವುದಕ್ಕೆ ಮನೆಮಂದಿಯೆಲ್ಲ ಬಂದ ಇನ್ನು ಕೆಲವರು ಮುಯ್ಯಿಗೆ ಒಬ್ಬರನ್ನೇ ಕಳಿಸಿದ್ದರು. ನಮ್ಮ ಮಾವ ಬದುಕಿದ್ದಾಗ ಯಾರಿಗೆ ಐವತ್ತೊಂದು ಹಾಕಿದ್ದರೋ ಅವರು ನೂರೊಂದು ಹಾಕಿ ಋಣ ತೀರಿಸಿದರು. ಧರ್ಮವಾಗಿಯೇ ನಡೆದುಕೊಂಡರು, ತಪ್ಪು ಹೇಳುವಂತಿಲ್ಲ. ಐವತ್ತೊಂದು ನೂರೊಂದಾಗುವಷ್ಟರಲ್ಲಿ ಕುರಿ ಎಲ್ಲಿಗೆ ಹೋಗಿ ಮುಟ್ಟಿತ್ತು ಎನ್ನುವುದನ್ನು ನೋಡಬೇಕಾದವಳು ನಾನು. ಮುಯ್ಯಿ ಹಳೆಯ ದರದಲ್ಲಿ ಬರುತ್ತದೆ, ಮಾಂಸ ಇವತ್ತಿನ ದರದಲ್ಲಿ. ಇಷ್ಟು ಸಣ್ಣ ವಿಷಯ ಗೂಡ್ಸ್ ಆಟೋದವರಿಗೆ ಹೊಳೆದಿತ್ತು.

ಕುರಿಯವನು, ಶಾಮಿಯಾನದವನು, ಅಡುಗೆಯವನು ಸರದಿಯಲ್ಲಿ ಬಂದರು. ಅವರ್ಯಾರೂ ಸೋಮವಾರ ಎನ್ನಲಿಲ್ಲ, ಅವತ್ತೇ ಸೋಮವಾರ. ಎಲ್ಲ ಕೊಟ್ಟು ಮುಗಿಯುವಾಗ ತಮ್ಮನ ಒಂದೂವರೆ ಲಕ್ಷದಲ್ಲಿ ಉಳಿದದ್ದು ಮೂವತ್ತು ಸಾವಿರ ಚಿಲ್ಲರೆ. ಅದರಲ್ಲೂ ಇಪ್ಪತ್ತೈದು ಅವನೇ ಹಾಕಿದ ಮುಯ್ಯಿ.

ಆಗಲಾದರೂ ಹೇಳಬಹುದಿತ್ತು. ಯುಗಾದಿ ಹತ್ತಿರ ಬಂದಾಗ ಅವನೇ ಫೋನ್ ಮಾಡಿದ.

"ಅಕ್ಕ, ಉಂಡ್ಯಾ? ಮಳಿಗೆ ಯಜಮಾನ್ರು ಕೇಳ್ತಾವ್ರೆ. ನಾಳೆ ಬರ್ಲಾ ದುಡ್ಡಿಗೆ?"

ನಾನು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದೆ. ಬಾಯಿ ತಾನೇ ಹೇಳಿತು, "ಅದು ಡಿಪಾಜಿಟ್ಟಲ್ಲಿ ಲಾಕ್ ಆಗದೆ ಕಣೋ. ಬಡ್ಡಿ ಜಾಸ್ತಿ ಬರ್ಲಿ ಅಂತ ಆಕ್ಸಿದ್ದೆ. ಈಗ ತೆಗ್ಯಂಗಿಲ್ಲ ಅಂತಾವ್ರೆ ಬ್ಯಾಂಕ್ನೋರು."

ಡಿಪಾಜಿಟ್ಟನ್ನು ಅವಧಿಗೆ ಮೊದಲೂ ಮುರಿಸಬಹುದು, ಬಡ್ಡಿ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ. ಇದನ್ನು ನಾನೇ ಸಂಘದಲ್ಲಿ ಎಲ್ಲರಿಗೂ ಹೇಳಿಕೊಟ್ಟಿದ್ದೆ. ತಮ್ಮ ಸಂಘದಲ್ಲಿರಲಿಲ್ಲ.

"ಎಷ್ಟ್ ದಿನಕ್ಕೆ ಬುಡ್ತಾರೆ?"

"ದೀಪಾವಳಿಗೆ ಆಗ್ಬೋದೇನೋ."

ಅವನು, "ಓಗ್ಲಿ ಬುಡಕ್ಕ, ಬ್ಯಾಂಕ್ನೋರು ಬುಡಲ್ಲ ಅಂದ್ರೆ ನೀನೇನ್ ಮಾಡೀಯ. ನಾನು ಯಜಮಾನ್ರಿಗೆ ಯೋಳ್ತೀನಿ" ಎಂದ. ನನ್ನನ್ನು ಸಮಾಧಾನ ಮಾಡಿ ಫೋನ್ ಇಟ್ಟ.

ಮಳಿಗೆಯ ಯಜಮಾನರು ಯುಗಾದಿ ಕಳೆದ ಮೇಲೂ ಕೆಲವು ದಿನ ನೋಡಿದರಂತೆ. ಆಮೇಲೆ ಮಳಿಗೆ ಒಬ್ಬ ಜ್ಯೂಸ್ ಅಂಗಡಿಯವನಿಗೆ ಹೋಯಿತು. ಅವನು ಹೊರಗೆ ಪಾತ್ರೆ ಅಂಗಡಿಯ ಸೂರಿನವರೆಗೂ ಕುರ್ಚಿ ಹಾಕಿದ. ನನ್ನ ತಮ್ಮನ ಟೇಬಲ್ಲು ರಸ್ತೆಯ ಆಚೆ ಬದಿಗೆ, ಚರಂಡಿ ಚಪ್ಪಡಿಯ ಮೇಲೆ ಹೋಯಿತು. ಸೂರು ಸಿಗದ ಜಾಗ, ಮಧ್ಯಾಹ್ನದಿಂದ ಸಂಜೆಯವರೆಗೆ ನೇರ ಬಿಸಿಲು. ಜ್ಯೂಸ್ ಅಂಗಡಿಯವನ ಮಿಕ್ಸಿ ಆಗಾಗ ಸುಟ್ಟುಕೊಳ್ಳುತ್ತಿತ್ತು, ಅದನ್ನು ರಿಪೇರಿ ಮಾಡುತ್ತಿದ್ದವನೂ ನನ್ನ ತಮ್ಮನೇ. ಅವನೂ ಸೋಮವಾರ ಎನ್ನುವುದನ್ನು ಬೇಗ ಕಲಿತುಕೊಂಡಿದ್ದ.

ಇಷ್ಟನ್ನೂ ನನಗೆ ಹೇಳಿದವಳು ತಮ್ಮನ ಹೆಂಡತಿ, ಫೋನಿನಲ್ಲಿ, ದೂರು ಅಲ್ಲ ಎನ್ನುವ ಹಾಗೆ. ಕೇಳಿಸಿಕೊಂಡು ಒಂದು ವಾರ ರವಿಕೆ ಹೊಲಿದೆ. ತೋಳು ಹಿಂದುಮುಂದಾಗಿ ಹೊಲಿದವು ಎರಡು. ಕೊನೆಗೆ ದೇವಸ್ಥಾನಕ್ಕೆ ಹೋಗಿಬರುತ್ತೇನೆ ಎಂದು ಯಜಮಾನರಿಗೆ ಹೇಳಿ ನಂಜನಗೂಡಿನ ಬಸ್ಸು ಹತ್ತಿದೆ. ಅವರು, "ದೇವರಿಗೆ ಅಷ್ಟೊತ್ತು ಬ್ಯಾಡ, ಮೊದಲು ಬಜಾರಿಗೆ ಓಗು" ಎಂದರು.

ಅವನು ತಲೆಗೆ ಟವೆಲು ಸುತ್ತಿಕೊಂಡು ಒಂದು ಮೋಟರಿಗೆ ತಂತಿ ಸುತ್ತುತ್ತಿದ್ದ. ನನ್ನನ್ನು ಕಂಡವನೇ ಸ್ಟೂಲು ಬಿಟ್ಟುಕೊಟ್ಟು, ಎದುರಿನ ಅಂಗಡಿಯಿಂದ ಮೋಸಂಬಿ ಜ್ಯೂಸು ತರಿಸಿದ. ತನ್ನದಾಗಬೇಕಿದ್ದ ಮಳಿಗೆಯ ಜ್ಯೂಸು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ.

"ದುಡ್ಡು ಲಾಕ್ ಆಗಿಲ್ಲ ಕಣೋ."

"ಬುಟ್ರಾ ಬ್ಯಾಂಕ್ನೋರು?" ಅವನ ಮುಖ ಅರಳಿತು.

"ಡಿಪಾಜಿಟ್ಟಿಗೆ ಆಕೇ ಇರಲಿಲ್ಲ. ಖರ್ಚಾಯ್ತು."

"ಯಾವುದಕ್ಕೆ?"

"ಬೀಗ್ರೂಟಕ್ಕೆ."

ಅವನು ಕೈಯಲ್ಲಿದ್ದ ತಂತಿಯನ್ನು ನೋಡಿದ. ಸುತ್ತು ಎಷ್ಟಕ್ಕೆ ಬಂದಿತ್ತು ಎನ್ನುವುದು ತಪ್ಪಿಹೋಗಿರಬೇಕು, ಪೂರಾ ಬಿಚ್ಚಿದ. "ಅಂಗಾರೆ ನಾನೂ ಉಂಡೆ" ಎಂದ.

ಬೈದಿದ್ದರೆ ಉತ್ತರ ಇಟ್ಟುಕೊಂಡಿದ್ದೆ. ಬಸ್ಸಿನಲ್ಲಿ ತಯಾರು ಮಾಡಿಕೊಂಡು ಬಂದ ಎಲ್ಲ ಉತ್ತರಗಳೂ ಬೈಗುಳಕ್ಕೇ ಇದ್ದವು.

"ಕೇಳಿದ್ರೆ ಕೊಡ್ತಿರಲಿಲ್ವಾ ಅಕ್ಕ?"

ಅಷ್ಟರಲ್ಲಿ ಜ್ಯೂಸ್ ಅಂಗಡಿಯವನು ರಸ್ತೆ ದಾಟಿ ಬಂದು ತನ್ನ ಮಿಕ್ಸಿಯನ್ನು ಎತ್ತಿಕೊಂಡ. "ಆಯ್ತಾ ಗುರು? ಸೋಮ್ವಾರ ಎಲ್ಲ ಸೇರ್ಸಿ ಕೊಡ್ತೀನಿ."

ನನ್ನ ತಮ್ಮ ಅದರ ವೈರನ್ನು ಹಿಡಿದುಕೊಂಡ. "ಹಳೇದು ಸೇರಿ ಸಾವಿರದ ಇನ್ನೂರು. ಕೊಟ್ಟು ತಕೊಂಡ್ ಓಗಿ."

"ಏನ್ ಗುರು, ಎದುರುಗಡೆನೇ ಇದ್ದೀನಿ, ಎಲ್ಲಿಗ್ ಓಡೋಯ್ತೀನಿ?"

"ನಮ್ಮಕ್ಕನೂ ಎದುರುಗಡೆನೇ ಅವಳೆ. ಕೊಟ್ಟು ತಕೊಂಡ್ ಓಗಿ ಸಾ."

ಅವನಿಗೆ ಅರ್ಥವಾಗಲಿಲ್ಲ. ಆದರೂ ಫೋನ್ ತೆಗೆದು ಸ್ಕ್ಯಾನ್ ಮಾಡಿದ. ದುಡ್ಡು ಬಂತೆಂದು ಟೇಬಲ್ಲಿನ ಮೇಲಿನ ಪೆಟ್ಟಿಗೆ ಕೂಗಿದ ಮೇಲೆ ತಮ್ಮ ವೈರು ಬಿಟ್ಟ. ಆಮೇಲೆ ನನ್ನ ಕಡೆ ತಿರುಗಿದ.

"ತಿಂಗಳಿಗೆ ಎಷ್ಟ್ ಕೊಡ್ತೀಯ? ತಾರೀಕ್ ಯೋಳು."

"ಐದ್ ಸಾವಿರ ಕೊಡ್ತೀನಿ ಕಣೋ. ಆದಾಗ..."

"ಆದಾಗ ಅನ್ನಬ್ಯಾಡ. ತಾರೀಕ್ ಯೋಳು."

ಐದನೇ ತಾರೀಕು ಎಂದೆ. ಇಷ್ಟು ವರ್ಷ ನಾನು ಕಷ್ಟಪಟ್ಟು ಕಲಿಸಿದ್ದ ವಿದ್ಯೆ ಕೊನೆಗೂ ಅವನಿಗೆ ಹತ್ತಿತು. ಎಲ್ಲ ಗುರುಗಳಿಗೂ ಈ ಭಾಗ್ಯ ಸಿಗುವುದಿಲ್ಲ. ಜ್ಯೂಸನ್ನು ಕುಡಿಯದೆ ಅಲ್ಲೇ ಇಟ್ಟು ಬಂದೆ. ಅದರ ದುಡ್ಡು ಅವನೇ ಕೊಟ್ಟಿರಬೇಕು.

ಈಗ ಪ್ರತಿ ತಿಂಗಳೂ ಹಾಕುತ್ತಿದ್ದೇನೆ. ಉಳಿದಿದ್ದ ಮೂವತ್ತು ಸಾವಿರವನ್ನು ಅವತ್ತೇ ಸಂಜೆ ಕಳಿಸಿದೆ. ಅವರು ವಾರದ ಸಾಲ ಚುಕ್ತಾ ಮಾಡಿದರಂತೆ. ಹೊಲಿಗೆ ಮಿಷನ್ನು ರಾತ್ರಿಯವರೆಗೂ ಓಡುತ್ತದೆ. ಸಂಘದ ಲೀಡರ್ ಕೆಲಸವನ್ನು ಬೇರೆಯವರಿಗೆ ವಹಿಸಿದೆ, ಕಣ್ಣು ಕಾಣುವುದಿಲ್ಲ ಎಂದು ಕಾರಣ ಹೇಳಿ. ಅವನ ಮುಯ್ಯಿ ಬೇರೆ ನನ್ನ ಮೇಲಿದೆ. ಮೂವತ್ತು ಕೊಟ್ಟೆನಲ್ಲ, ಅದರಲ್ಲಿ ತೀರಿತು ಎನ್ನುವಂತಿಲ್ಲ. ಮುಯ್ಯಿ ತೀರುವುದು ಹಾಕಿದವರ ಮನೆಯ ಕಾರ್ಯದಲ್ಲಿ ಮಾತ್ರ. ಅವನ ಮನೆಯಲ್ಲಿ ಆಗಬೇಕಿದ್ದ ಕಾರ್ಯ ಅಂಗಡಿ ಪೂಜೆ. ಅದನ್ನು ನಾನು ಮುದ್ದೆಯ ಜೊತೆ ಬಡಿಸಿಬಿಟ್ಟೆ.

ಮೊದಲೆಲ್ಲ ಫೋನ್ ಮಾಡಿದರೆ, ಅಕ್ಕ ಉಂಡ್ಯಾ, ಎನ್ನುತ್ತಿದ್ದ. ಈಗ ನಾಲ್ಕನೇ ತಾರೀಕು ಸಂಜೆ, "ಅಕ್ಕ, ನಾಳೆ ಐದು" ಎನ್ನುತ್ತಾನೆ. ಗಡುಸಾಗೇನೂ ಅಲ್ಲ. ಭಾನುವಾರ ಬರುವುದನ್ನು ಬಿಟ್ಟಿದ್ದಾನೆ. ಬಜಾರಿನಲ್ಲಿ ಯಾರಿಗೂ ಸೋಮವಾರ ಇಲ್ಲವಂತೆ. ಕೆಲವು ಗುರುತಿನವರು ಬೇಸರ ಮಾಡಿಕೊಂಡು ಬೇರೆ ಕಡೆ ಹೋದರಂತೆ. ವ್ಯಾಪಾರಕ್ಕೆ ಇದು ಒಳ್ಳೆಯದು ಎಂದು ನಾನೇ ಹೇಳಿದ್ದೆ. ಒಳ್ಳೆಯದೇ ಇರಬೇಕು. ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಮಳಿಗೆ ನೋಡುತ್ತಿದ್ದಾನೆಂದು ಅವನ ಹೆಂಡತಿ ಹೇಳಿದಳು. ಅವನು ಹೇಳಲಿಲ್ಲ.

ಹೋದ ತಿಂಗಳು ನಮ್ಮ ಮಿಕ್ಸಿ ಕೆಟ್ಟಿತು. ನರಸೀಪುರದಲ್ಲೂ ರಿಪೇರಿಯವರಿದ್ದಾರೆ. ಚೀಲದಲ್ಲಿ ಹಾಕಿಕೊಂಡು ನಂಜನಗೂಡಿಗೇ ಹೋದೆ. ಬಿಚ್ಚಿ ನೋಡಿದ, ಬುಷ್ ಹೋಗಿದೆ ಎಂದ, ಹಾಕಿದ, ಜಾರನ್ನು ಉಜ್ಜಿ ತೊಳೆದು ಒರೆಸಿ ಇಟ್ಟ. ನಾನು ಸೆರಗಿನ ಗಂಟು ಬಿಚ್ಚುವ ಹಾಗೆ ಮಾಡುತ್ತಾ ನಿಧಾನ ಮಾಡಿದೆ. ಬುಡಕ್ಕ, ಎನ್ನುತ್ತಾನೇನೋ ಎಂದು ಕಾದೆ. ಇಷ್ಟು ವರ್ಷದಲ್ಲಿ ನನ್ನ ಮಿಕ್ಸಿಗೆ ಅವನು ಒಂದು ರೂಪಾಯಿ ಮುಟ್ಟಿದವನಲ್ಲ.

"ಎಷ್ಟಾಯ್ತೋ?"

"ನೂರ ಎಂಬತ್ತಕ್ಕ."

ಇನ್ನೂರು ಕೊಟ್ಟೆ. ಚಿಲ್ಲರೆ ಇರಲಿ ಇಟ್ಕೋ, ಎನ್ನುವಷ್ಟರಲ್ಲಿ ಅವನು ಡಬ್ಬಿ ತೆಗೆದು ಎರಡು ಹತ್ತರ ನೋಟು ಹುಡುಕಿ ನನ್ನ ಕೈಯಲ್ಲಿಟ್ಟಿದ್ದ. ಅವನ ಟೇಬಲ್ಲಿನ ಮೇಲೆ ಈಗ ಎರಡು ಡಬ್ಬಿಗಳಿವೆ. ಮಿಕ್ಸಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.